ತೂಕ ಇಳಿಸೋದು ಬಿಟ್ಟೆ, ಆಮೇಲೆ ಕೈಗೆ ಕಾಸು ಬಂತು

ನಾನು ಎಂಎಂಎ ಫೈಟರ್, ಅಂದರೆ ಕೇಜಿನೊಳಗೆ ಗುದ್ದು, ಒದೆ, ಕುಸ್ತಿ ಎಲ್ಲ ಸೇರಿಸಿ ಆಡುವವನು. ನನ್ನ ರೆಕಾರ್ಡ್ 11–10, ಹನ್ನೊಂದು ಗೆಲುವು, ಹತ್ತು ಸೋಲು. ನೋಡಿ ನಗುವವರು ನಗಲಿ. ಮೊದಲ ಒಂಬತ್ತು ಫೈಟ್ ಮುಗಿದಾಗ ಅದು 3–6 ಇತ್ತು, ಆಗ ನಕ್ಕವರು ಇನ್ನೂ ಜಾಸ್ತಿ. ಆಮೇಲಿನ ಹನ್ನೆರಡರಲ್ಲಿ ಎಂಟು ಗೆದ್ದೆ. 65.8 ಕೆಜಿಯ ಫೆದರ್‌ವೇಟ್ ಬಿಟ್ಟು 70.3 ಕೆಜಿಯ ಲೈಟ್‌ವೇಟಿಗೆ ಹೋದೆ, ತೂಕಕ್ಕೆ ನಿಲ್ಲುವ ಮೊದಲು ಬೆವರಿಸಿ ಮೈಯ ನೀರು ಇಳಿಸೋದು ನಿಲ್ಲಿಸಿದೆ, ಅಷ್ಟೇ. "ಅಲ್ಲಿ ನಿನ್ನ ಜಜ್ಜಿ ಹಾಕ್ತಾರೆ" ಅಂದಿದ್ದರು ನನ್ನ ಕೋಚ್. ಜಿಮ್ಮಿನ ಹುಡುಗರು ಬಾಯಿಬಿಟ್ಟು ಏನೂ ಹೇಳಲಿಲ್ಲ, ಆದರೆ ನಾನು ಎಷ್ಟನೇ ರೌಂಡಿಗೆ ಬೀಳುತ್ತೇನೆ ಅಂತ ಪಂದ್ಯ ಕಟ್ಟಿಕೊಂಡಿದ್ದರು. ಅದು ನನಗೆ ಆಮೇಲೆ ಗೊತ್ತಾಯಿತು.

ನಾನು ಮೈಸೂರಿನ ಗರಡಿ ಹುಡುಗ. ದಸರಾ ಕುಸ್ತಿಯಲ್ಲಿ ದೊಡ್ಡಕೆರೆ ಮೈದಾನದ ಅಖಾಡದಲ್ಲಿ ನಾಲ್ಕೈದು ವರ್ಷ ಆಡಿದ್ದೇನೆ. ಅಲ್ಲಿ ನಾಡಕುಸ್ತಿಗೆ ಜೋಡಿ ಕಟ್ಟುವುದನ್ನು ನೋಡಿದವರಿಗೆ ಗೊತ್ತು. ಹಿರಿಯ ಉಸ್ತಾದರು ಇಬ್ಬರನ್ನು ಎದುರುಬದುರು ನಿಲ್ಲಿಸುತ್ತಾರೆ, ಭುಜ ನೋಡುತ್ತಾರೆ, ತೊಡೆ ನೋಡುತ್ತಾರೆ, ಕೈ ಕೊಡಿಸುತ್ತಾರೆ. ಮುಗೀತು. ಅವತ್ತು ಮೈ ಹೇಗಿದೆಯೋ ಹಾಗೆ ಜೋಡಿ. ಈ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತೆ.

2016ರ ಹೊತ್ತಿಗೆ ಬೆಂಗಳೂರಿಗೆ ಬಂದು ಒಂದು ಜಿಮ್ ಸೇರಿದೆ. ಟೇಕ್‌ಡೌನ್, ಅಂದರೆ ಎದುರಾಳಿಯನ್ನು ಕೆಳಗೆ ಕೆಡವುವುದು, ಹೇಗೂ ಇತ್ತು. ಗರಡಿಯಿಂದ ಬಂದವರಿಗೆಲ್ಲ ಆಗುವ ಅವಸ್ಥೆಯೇ ನನಗೂ ಆಯಿತು. ಕುಸ್ತಿಯಲ್ಲಿ ಬೆನ್ನು ಮಣ್ಣಿಗೆ ತಾಗಿದರೆ ತಾನೇ ಸೋಲು? ಹಾಗಾಗಿ ಕಷ್ಟ ಬಂದ ತಕ್ಷಣ ಮೈ ತಾನಾಗಿ ಬೋರಲು ತಿರುಗುತ್ತೆ. ಮಟ್ಟಿಯಲ್ಲಿ, ಅಂದರೆ ಕುಸ್ತಿಯ ಮಣ್ಣಿನ ಕಣದಲ್ಲಿ, ಅರ್ಧ ಗಂಟೆ ಬೋರಲು ಬಿದ್ದಿದ್ದರೂ ಯಾರೂ ಏನೂ ಮಾಡಲಾಗುವುದಿಲ್ಲ. ಕೇಜಿನಲ್ಲಿ ಹಾಗೆ ಬಿದ್ದರೆ ಎಂಟು ಸೆಕೆಂಡಿಗೆ ಕತ್ತಿನ ಕೆಳಗೆ ತೋಳು ಬಂದಿರುತ್ತೆ. ಮೊದಲ ಎರಡು ಸೋಲೂ ಹಾಗೇ, ರಿಯರ್ ನೇಕೆಡ್ ಚೋಕ್, ಹಿಂದಿನಿಂದ ತೋಳಲ್ಲಿ ಕತ್ತು ಅಮುಕುವ ಪಟ್ಟು. ಎರಡನೆಯದರಲ್ಲಿ ಟ್ಯಾಪ್ ಮಾಡುವುದಕ್ಕೂ, ಅಂದರೆ ಕೈ ತಟ್ಟಿ ಸೋಲೊಪ್ಪುವುದಕ್ಕೂ, ನಾಚಿಕೆಯಾಗಿ ಪ್ರಜ್ಞೆ ತಪ್ಪಿ ನಿದ್ದೆಗೇ ಹೋದೆ. ಎದ್ದಾಗ ರೆಫರಿ ನನ್ನ ಕಾಲು ಎತ್ತಿ ಹಿಡಿದಿದ್ದರು. ಈ ಅಭ್ಯಾಸ ಬಿಡಿಸಿಕೊಳ್ಳಲು ಒಂದು ವರ್ಷ ಹಿಡಿಯಿತು. ಬೋರಲು ತಿರುಗಿದಾಗಲೆಲ್ಲ ಪಾರ್ಟ್‌ನರ್‌ಗೆ ಒಂದು ಎಳನೀರು ಕೊಡಿಸಬೇಕು ಅಂತ ಷರತ್ತು ಹಾಕಿಕೊಂಡಿದ್ದೆ. ಎಳನೀರಿಗೇ ಎರಡು ಸಾವಿರ ಹೋಗಿರಬೇಕು.

ಉಳಿದ ನಾಲ್ಕು ಸೋಲಿನಲ್ಲಿ ಮೂರು ಒಂದೇ ಥರ. ಮೊದಲ ರೌಂಡ್ ನನ್ನದು, ಎರಡನೆಯದು ಸಮ, ಮೂರನೆಯದರಲ್ಲಿ ಕಾಲು ಇಲ್ಲ. ಕಾರ್ಡಿಯೋ ಸಾಲದು ಅಂತ ಕೋಚ್ ಇನ್ನೂ ಓಡಿಸಿದರು. ನಾನು ಓಡಿದೆ. ಸಾಲದಿದ್ದುದು ಕಾರ್ಡಿಯೋ ಅಲ್ಲ, ನೀರು.

ನನ್ನ ಸಹಜ ತೂಕ 72ರ ಆಸುಪಾಸು. ಫೆದರ್‌ವೇಟ್ 65.8. ಆರು ಕೆಜಿಯಲ್ಲಿ ನಾಲ್ಕು ಕೆಜಿ ಕೊನೆಯ ಎರಡು ದಿನಕ್ಕೆ ಉಳಿಯುತ್ತಿತ್ತು. ಒಮ್ಮೆ ದೆಹಲಿಯಲ್ಲಿ ಫೈಟ್. ಪ್ರಮೋಟರ್ ವಿಮಾನದ ದುಡ್ಡು ಕೊಡಲಿಲ್ಲ. ಕರ್ನಾಟಕ ಎಕ್ಸ್‌ಪ್ರೆಸ್, ಸ್ಲೀಪರ್, ಮೇ ತಿಂಗಳು, ಸುಮಾರು ನಲವತ್ತು ಗಂಟೆ. ಜರ್ಕಿನ್ ಒಳಗೆ ಬೆವರು ಸುರಿಸುವ ಸೌನಾ ಸೂಟ್ ಹಾಕಿಕೊಂಡು ಬಾಗಿಲ ಹತ್ತಿರ ಬಸ್ಕಿ ಹೊಡೆಯುತ್ತಿದ್ದೆ. ಬಾಯಲ್ಲಿ ಚೂಯಿಂಗ್ ಗಮ್, ಕೈಯಲ್ಲಿ ಉಗುಳಲು ಬಾಟಲಿ. ಕಲಬುರಗಿಯಲ್ಲಿ ಹತ್ತಿದ ಕುಟುಂಬವೊಂದು ಸೊಲ್ಲಾಪುರ ದಾಟಿದ ಮೇಲೆ ಬುತ್ತಿ ಬಿಚ್ಚಿತು. ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು. ಆ ಅಜ್ಜಿ "ತಗೋ ತಮ್ಮಾ, ಯಾಕ ಹಿಂಗ ಒಣಗೀ?" ಅಂತ ರೊಟ್ಟಿ ಚಾಚಿದರು. ಬೇಡ ಅಂದೆ. ಕಾಯಿಲೆಯವನು ಅಂದುಕೊಂಡು ಅವರು ಸ್ವಲ್ಪ ದೂರ ಸರಿದು ಕೂತರು. ಆ ಫೈಟ್ ಸೋತೆ. ರೊಟ್ಟಿ ಬೇಡ ಅಂದದ್ದಕ್ಕೆ ಈಗಲೂ ಬೇಜಾರಿದೆ.

ದುಡ್ಡಿನ ಲೆಕ್ಕ ಕೇಳಿ. ಆಗ ನನಗೆ ಸಿಗುತ್ತಿದ್ದುದು ಹತ್ತು ಸಾವಿರ, ಗೆದ್ದರೆ ಇನ್ನೊಂದು ಹತ್ತು. ರಕ್ತಪರೀಕ್ಷೆ, ಕಣ್ಣಿನ ಪರೀಕ್ಷೆಗೆ ಮೂರು ಸಾವಿರ. ಸೌನಾಕ್ಕೆ ಒಂದೂವರೆ. ರೌಂಡಿನ ನಡುವೆ ನೋಡಿಕೊಳ್ಳುವ ಎರಡನೇ ಕಾರ್ನರ್‌ಮನ್ ಖರ್ಚು ನನ್ನದೇ. ಯಾರೂ ಲೆಕ್ಕ ಹಾಕದ ಖರ್ಚು ಒಂದಿತ್ತು. ಬೆಳಿಗ್ಗೆ ನಾನು ಪರ್ಸನಲ್ ಟ್ರೈನಿಂಗ್ ಮಾಡಿಸುತ್ತಿದ್ದೆ. ತೂಕ ಕಟ್ ಮಾಡುವ ವಾರ ನಿಲ್ಲಲಿಕ್ಕೇ ಆಗುತ್ತಿರಲಿಲ್ಲ, ಆಮೇಲಿನ ವಾರ ಸುಧಾರಿಸಿಕೊಳ್ಳಲು. ಹತ್ತು ಹನ್ನೆರಡು ದಿನದ ಕೂಲಿ, ಅಂದರೆ ಎಂಟು ಒಂಬತ್ತು ಸಾವಿರ, ಸುಮ್ನೆ ಹೋಗುತ್ತಿತ್ತು. ಸೋತರೆ ಕೈಯಿಂದ ಹಾಕಿ ಏಟು ತಿಂದ ಹಾಗೆ. ಒಬ್ಬ ಪ್ರಮೋಟರ್ ಕೊಟ್ಟ ಚೆಕ್ ಬೌನ್ಸ್ ಆಗಿ ಹದಿನೈದು ಸಾವಿರ ಇನ್ನೂ ಬರಬೇಕು. ಆ ಕಥೆ ಬೇಡ.

ತಲೆ ಕೆಟ್ಟದ್ದು 2018ರ ಕೊನೆಯಲ್ಲಿ. ಫೆದರ್‌ನಲ್ಲೇ ಮೂರನೇ ರೌಂಡ್ ಆಗದವನನ್ನು ಕೋಚ್ ಅದಕ್ಕೂ ಕೆಳಗಿನ ವರ್ಗಕ್ಕೆ, 61.2 ಕೆಜಿಗೆ, ಇಳಿಸೋಣ ಅಂದರು. ಅಲ್ಲಿ ನೀನೇ ದೊಡ್ಡವನು ಅಂತ. ಹೋದೆ. ಬಿಸಿನೀರಿನ ಟಬ್ಬಿನಿಂದ ಏಳುವಾಗ ಕಣ್ಣು ಕತ್ತಲೆ ಬಂದು ಬಾತ್‌ರೂಮಿನಲ್ಲಿ ಬಿದ್ದೆ, ಹುಬ್ಬು ಒಡೆಯಿತು. ಆದರೂ ತಕ್ಕಡಿ ತೋರಿಸಿದ್ದು 62.9. ಸಂಭಾವನೆಯ ಐದನೇ ಒಂದು ಭಾಗ ಎದುರಾಳಿಗೆ. ಹುಬ್ಬಿಗೆ ಫೈಟಿಗೆ ಮೊದಲೇ ಮೂರು ಹೊಲಿಗೆ ಬಿದ್ದಿತ್ತು, ಅದೇ ಜಾಗಕ್ಕೆ ಅವನು ಒಂದು ಎಲ್ಬೋ ಇಟ್ಟ. ಡಾಕ್ಟರ್ ನಿಲ್ಲಿಸಿದರು.

ಊರಿಗೆ ಹೋದಾಗ ಉಸ್ತಾದರು ಮುಖ ನೋಡಿ ವಿಷಯ ಕೇಳಿದರು. ಹೇಳಿದೆ. "ಅಲ್ಲ ಕಣ್ಲಾ, ಜೋಡಿ ಸಿಗ್ಲಿ ಅಂತ ಸಾಯಂಗೆ ಒಣಗ್ಕೊಂಡು ಆಮೇಲೆ ಕುಸ್ತಿ ಆಡ್ತೀನಿ ಅಂದ್ರೆ ಅದ್ಯಾವ ಗರಡಿ ಬುದ್ಧಿ?" ಅಂದರು. ಕುಡಿಯೋಕೆ ಬಾದಾಮಿ ಹಾಲು ಕೊಟ್ಟರು. ನಾನು ಅತ್ತೆ, ಅದು ನಿಜ.

ಆಮೇಲೆ ಕೂತು ಯೋಚಿಸಿದೆ. 2015ರ ಡಿಸೆಂಬರ್‌ನಲ್ಲಿ ಮನಿಲಾದಲ್ಲಿ ಯಾಂಗ್ ಜಿಯಾನ್ ಬಿಂಗ್ ಅನ್ನುವ ಚೀನಾದ ಹುಡುಗ ತೂಕ ಇಳಿಸುವಾಗಲೇ ತೀರಿಹೋದ. ಆಮೇಲೆ ಏಷ್ಯಾದ ದೊಡ್ಡ ಫೈಟ್ ಸಂಸ್ಥೆ ವನ್ ಚಾಂಪಿಯನ್‌ಶಿಪ್‌ನವರು ನೀರು ಇಳಿಸುವುದನ್ನೇ ನಿಷೇಧಿಸಿದರು, ಮೂತ್ರ ಪರೀಕ್ಷೆ ತಂದರು. ಅವರಲ್ಲಿ ಫೆದರ್‌ವೇಟ್ ಅಂದರೆ 70.3, ಬೇರೆ ಕಡೆ ಅದೇ ಲೈಟ್‌ವೇಟ್. ಅಂದರೆ ನಾನು ಲೈಟ್‌ವೇಟಿಗೆ ಹೋದರೆ ದೊಡ್ಡ ಹುಚ್ಚೇನಲ್ಲ. 2016ರ ಮಾರ್ಚ್‌ನಲ್ಲಿ ಅಮೆರಿಕದ ಯುಎಫ್‌ಸಿ ಫೈಟಿನಲ್ಲಿ ನೇಟ್ ಡಯಾಜ್ ಹನ್ನೊಂದು ದಿನದ ನೋಟಿಸಿನಲ್ಲಿ ಬಂದು ಮೆಕ್‌ಗ್ರೆಗರ್‌ನನ್ನು ಎರಡನೇ ರೌಂಡಿನಲ್ಲಿ ಚೋಕ್ ಮಾಡಿದ್ದು ನೆನಪಿದೆಯಲ್ವಾ? ತೂಕ ಇಳಿಸುವಷ್ಟು ಟೈಮ್ ಇಲ್ಲ ಅಂತ ಅದನ್ನು 170 ಪೌಂಡಿಗೆ, ಅಂದರೆ 77 ಕೆಜಿಗೆ, ಇಟ್ಟಿದ್ದರು. ನನ್ನ ತಲೆಯಲ್ಲಿ ಕೂತದ್ದು ಆ ಹನ್ನೊಂದು ದಿನ. ತೂಕ ಇಳಿಸಬೇಕಾಗಿಲ್ಲದವನು ಯಾವಾಗ ಕರೆದರೂ ಹೋಗಬಹುದು.

ಮೊದಲ ಲೈಟ್‌ವೇಟ್ ಫೈಟ್ ಸೋತೆ. ಮುಚ್ಚುಮರೆ ಏನಿಲ್ಲ. ಹಿಂದಿನ ದಿನ ತೂಕ ಕೊಟ್ಟ ಮೇಲೆ ನೀರು, ಊಟ ತುಂಬಿಕೊಂಡು ಅವನು ಕೇಜಿಗೆ ಬಂದಾಗ 79 ಇದ್ದಿರಬೇಕು, ನಾನು 71. ಎರಡು ಬಾರಿ ಎತ್ತಿ ಒಗೆದ. ಕೋಚ್ "ಹೇಳಿದ್ನಲ್ಲ" ಅಂದರು. ನನಗೆ ಕಂಡದ್ದೇ ಬೇರೆ. ಮೂರನೇ ರೌಂಡಿನ ಕೊನೆಗೆ ನನ್ನ ಉಸಿರು ಸರಿಯಾಗಿತ್ತು, ಅವನು ಕೇಜ್ ಹಿಡಿದುಕೊಂಡು ನಿಂತಿದ್ದ. ಮೂರನೇ ರೌಂಡ್ ನನಗೇ ಬಂತು. ಮೊದಲ ರೌಂಡಿನಲ್ಲಿ ಏಟು ತಿನ್ನದೆ ಅವನ ದಮ್ಮು ಖರ್ಚು ಮಾಡಿಸಿದರೆ ಸಾಕು.

ನನ್ನ ಆಟವನ್ನು ಅದರ ಮೇಲೇ ಕಟ್ಟಿದೆ. ನಿಂತು ಬಾಕ್ಸಿಂಗ್ ಆಡಬಾರದು, ಟೇಕ್‌ಡೌನ್‌ಗೆ ದೂರದಿಂದ ನುಗ್ಗಬಾರದು. ಕೇಜಿಗೆ ಒತ್ತಿ, ತಲೆ ಅವನ ದವಡೆ ಕೆಳಗೆ, ಒಂದು ಅಂಡರ್‌ಹುಕ್, ಅಂದರೆ ಅವನ ಕಂಕುಳ ಕೆಳಗೆ ನನ್ನ ತೋಳು, ಅಷ್ಟೇ. ಎತ್ತುವುದಿಲ್ಲ. ಅವನೇ ಭಾರ ಹೊರಲಿ. ಎಡಗೈ ಎಲ್ಲಿ ಇಡುತ್ತೇನೆ ಅನ್ನೋದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಒಂದೆರಡು ವರ್ಷ ಆಡಬೇಕು, ನನ್ನ ಮುಂದಿನ ಎದುರಾಳಿಯೂ ಕನ್ನಡದವನೇ ಆಗಿರಬಹುದು.

2020ರಲ್ಲಿ ಫೈಟೇ ಇರಲಿಲ್ಲ. ಹಾಲಿನ ವ್ಯಾನ್ ಓಡಿಸಿದೆ. ಕ್ರೇಟ್ ಎತ್ತಿ ಎತ್ತಿ ಹಿಡಿತ ಬಲವಾಯಿತು ಅಂತ ಹೇಳಿಕೊಳ್ಳುತ್ತೇನೆ, ಸೊಂಟ ಹೋದದ್ದನ್ನು ಹೇಳುವುದಿಲ್ಲ.

2022ರಲ್ಲಿ ಮುಂಬೈಯಿಂದ ಮಂಗಳವಾರ ಸಂಜೆ ಫೋನ್. ಒಬ್ಬನ ಕೈ ಮುರಿದಿದೆ, ಶನಿವಾರ ಫೈಟ್, ತೂಕ ಎಷ್ಟಿದೀಯಾ? "71.6" ಅಂದೆ. ಆ ಕಡೆ ಎರಡು ಸೆಕೆಂಡ್ ಮೌನ. ಆ ಮೌನದಲ್ಲೇ ರೇಟ್ ಹೇಳಬೇಕು. 60 ಸಾವಿರ ಕೇಳಿದೆ, 50ಕ್ಕೆ ಒಪ್ಪಿದರು, ವಿಮಾನ ಅವರದ್ದು. ಗುರುವಾರ ಬೆಳಿಗ್ಗೆವರೆಗೂ ನನ್ನ ಕ್ಲೈಂಟ್‌ಗಳಿಗೆ ಟ್ರೈನಿಂಗ್ ಮಾಡಿಸಿ ಹೊರಟೆ. ರಾತ್ರಿ ಊಟ ಬಿಟ್ಟೆ, ಶುಕ್ರವಾರ 70.6. ಒಂದು ಪೌಂಡ್ ರಿಯಾಯಿತಿ ಇತ್ತು, ಪಾಸ್. ಎದುರಾಳಿ ತಕ್ಕಡಿ ಪಕ್ಕ ಕುರ್ಚಿಯಲ್ಲಿ ಕೂತಿದ್ದ. ತುಟಿ ಬಿರುಕು ಬಿಟ್ಟು ಬೆಳ್ಳಗೆ. ಅವನು ತಕ್ಕಡಿಯಿಂದ ಇಳಿದ ತಕ್ಷಣ ಯಾರೋ ಬಾಟಲಿ ಕೊಟ್ಟರು, ಮುಚ್ಚಳ ತಿರುಗಿಸಲು ಅವನ ಕೈಯಲ್ಲಾಗಲಿಲ್ಲ. ಅವನ ತಮ್ಮನಿರಬೇಕು, ತೆಗೆದುಕೊಟ್ಟ. ನಾನು ಎದುರಿಗಿದ್ದ ಉಡುಪಿ ಹೋಟೆಲಿಗೆ ಹೋಗಿ ಇಡ್ಲಿ ವಡೆ ತಿಂದೆ.

ಮರುದಿನ ಅವನು ಆನೆಯ ಹಾಗೆ ಬಂದ. ಮೊದಲ ರೌಂಡ್ ಅವನಿಗೆ, ನನ್ನ ಮೂಗು ಒಡೆಯಿತು. ಎರಡನೇ ರೌಂಡಿನ ನಡುವೆ ಕೇಜಿಗೆ ಒತ್ತಿದಾಗ ಅವನ ಉಸಿರು ನನ್ನ ಕತ್ತಿಗೆ ಬಡಿಯುತ್ತಿತ್ತು. ಬಿಸಿಯಾಗಿ, ಒಣಗಿ, ಮಧ್ಯೆ ಮಧ್ಯೆ ಕಟ್ ಆಗಿ. ಮಟ್ಟಿಯಲ್ಲಿ ಹಿಡಿದಾಗ ಎದುರಿನವನ ದಮ್ಮು ಹೀಗೇ ಹೇಳುತ್ತೆ, ಇನ್ನೆಷ್ಟು ಉಳಿದಿದೆ ಅಂತ. ನಾನು ಅವಸರ ಮಾಡಲಿಲ್ಲ. ಮೂರನೆಯದರಲ್ಲಿ ಅವನ ಕೈ ತಾನಾಗಿ ಸೊಂಟಕ್ಕೆ ಇಳಿಯಿತು. ಎರಡು ಟೇಕ್‌ಡೌನ್, ಕೊನೆಯ ಎರಡು ನಿಮಿಷ ಮೇಲೆ ಕೂತಿದ್ದೆ. ಸ್ಪ್ಲಿಟ್ ತೀರ್ಪು, ಮೂವರು ಜಡ್ಜ್‌ಗಳಲ್ಲಿ ಇಬ್ಬರು ನನಗೆ ಕೊಟ್ಟರು, 29–28. ಜನ ಬೈದರು, ಬೋರಿಂಗ್ ಅಂತ. ಅವರ ಟಿಕೆಟ್, ಅವರ ಬಾಯಿ.

ಆ ವರ್ಷ ಐದು ಫೈಟ್, ನಾಲ್ಕು ಗೆಲುವು. ಎಲ್ಲ ಸೇರಿ ಮೂರು ಲಕ್ಷದ ಹತ್ತಿರ, ಖರ್ಚು ಕಳೆದು ಒಂದು ಲಕ್ಷದ ಎಂಬತ್ತೋ ತೊಂಬತ್ತೋ ಸಾವಿರ ಉಳಿಯಿತು. ಬೆಳಗಿನ ಕೆಲಸದ ಸಂಬಳಕ್ಕೂ ಕತ್ತರಿ ಬೀಳಲಿಲ್ಲ. ಐದರಲ್ಲಿ ಮೂರು ಬದಲಿ ಫೈಟ್. ಮ್ಯಾಚ್‌ಮೇಕರ್‌ಗೆ ಬೇಕಾಗಿರುವುದು ಚಾಂಪಿಯನ್ ಅಲ್ಲ, ಗುರುವಾರ ಫೋನ್ ಎತ್ತಿ ಶುಕ್ರವಾರ ತೂಕಕ್ಕೆ ನಿಲ್ಲುವವನು.

ನಡುವೆ ಕೆಲವು ಪ್ರಯೋಗ ಮಾಡಿದೆ. ಮೂತ್ರದಲ್ಲಿ ನೀರಿನ ಮಟ್ಟ ನೋಡುವ ರಿಫ್ರಾಕ್ಟೋಮೀಟರ್ ಒಂದೂವರೆ ಸಾವಿರಕ್ಕೆ ತರಿಸಿ ಒಂದು ತಿಂಗಳು ಬೆಳಿಗ್ಗೆ ನೋಡಿದೆ. ಅಂಕಿ 1.025 ದಾಟಿದ, ಅಂದರೆ ಮೈಯಲ್ಲಿ ನೀರು ಕಡಿಮೆ ಇದ್ದ, ದಿನ ಸ್ಪಾರಿಂಗ್‌ನಲ್ಲಿ ಏಟು ಜಾಸ್ತಿ ತಿಂದಿದ್ದೆ, ಡೈರಿಯಲ್ಲಿ ಬರೆದಿಟ್ಟಿದ್ದೇನೆ. ಅವ್ವ ಅದನ್ನು ಅಡುಗೆಮನೆ ಕಿಟಕಿಯಲ್ಲಿ ನೋಡಿ "ಇದೇನು ದುರ್ಬೀನು" ಅಂದಳು. ಹೇಳಿದ ಮೇಲೆ ಕಿಟಕಿ ತೊಳೆದಳು. ಇನ್ನೊಂದು, ರಾಗಿ ಮುದ್ದೆ. ಫೈಟ್ ವಾರದಲ್ಲಿ ಮುದ್ದೆ ಬಿಟ್ಟು ಬಿಳಿ ಅನ್ನ ತಿಂದರೆ ನನಗೆ ಆರೇಳು ನೂರು ಗ್ರಾಂ ತಾನಾಗಿ ಇಳಿಯುತ್ತೆ. ಹೊಟ್ಟೆಯಲ್ಲಿ ಉಳಿಯುವುದು ಕಡಿಮೆ, ಅಷ್ಟೇ. ಸೌತ್‌ಪಾ, ಅಂದರೆ ಎಡಚರ ಹಾಗೆ ಬಲಗೈ ಮುಂದಿಟ್ಟು, ಆಡಲು ಹೋದದ್ದು ದಂಡ, ಎರಡು ತಿಂಗಳು ಹಾಳು. ತೂಕದ ಹಿಂದಿನ ರಾತ್ರಿ ಏನು ಕುಡಿಯುತ್ತೇನೆ ಅನ್ನೋದನ್ನು ಜಿಮ್ಮಿನ ಹುಡುಗರಿಗೂ ಹೇಳಿಲ್ಲ.

ಇದು ಎಲ್ಲರಿಗೂ ಆಗಲ್ಲ. ದೂರದಿಂದ ಹೊಡೆಯುವ ಉದ್ದ ಕೈಯವನಾದರೆ ನನ್ನ ದಾರಿ ಬೇಡ. ಲೈಟ್‌ವೇಟಿನಲ್ಲಿ ಸೋತ ನಾಲ್ಕರಲ್ಲಿ ಎರಡು ನಾಕೌಟ್, ದೊಡ್ಡವರ ಏಟು ದೊಡ್ಡದೇ. ಎರಡನೆಯದರ ಆಮೇಲೆ ಎಂಆರ್‌ಐ ಮಾಡಿಸಿ ಮೂರು ತಿಂಗಳು ಸ್ಪಾರಿಂಗ್ ಮುಟ್ಟಲಿಲ್ಲ.

ಕೋಚ್ ಈಗ ಇಬ್ಬರು ಹುಡುಗರನ್ನು ಸಹಜ ತೂಕದಲ್ಲೇ ಆಡಿಸುತ್ತಿದ್ದಾರೆ. ಯಾರ ಐಡಿಯಾ ಅಂತ ಕೇಳಿದವರಿಗೆ ತಮ್ಮದೇ ಅಂತಾರಂತೆ, ಹೇಳಿಕೊಳ್ಳಲಿ. ನನ್ನ ಸೌನಾ ಸೂಟ್ 1,800 ಕೊಟ್ಟು ತಂದದ್ದು. ಬಿಸಾಡಲು ಮನಸ್ಸು ಬರಲಿಲ್ಲ. ಮಳೆ ಬಂದರೆ ಗಾಡಿಯಲ್ಲಿ ಅದನ್ನೇ ಹಾಕಿಕೊಂಡು ಜಿಮ್ಮಿಗೆ ಹೋಗುತ್ತೇನೆ. ಒಂದು ಹನಿ ಒಳಗೆ ಬರಲ್ಲ.