ಅಂಗಾಲಿನ ಕಮಾನು ಎತ್ತರವಿದ್ದವರು ಚಪ್ಪಲಿ, ಶೂ, ಇನ್ಸೋಲ್ ಆರಿಸುವುದು ಹೇಗೆ

ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ, ಬೆಣ್ಣೆದೋಸೆ ಹೋಟೆಲಿನ ಕಾವಲಿಯ ಮುಂದೆ, ಬಟ್ಟೆ ಅಂಗಡಿಗಳಲ್ಲಿ ದಿನವಿಡೀ ಸಿಮೆಂಟು, ಗ್ರಾನೈಟಿನ ಮೇಲೆ ನಿಂತೇ ಕೆಲಸ ಮಾಡುವವರಿದ್ದಾರೆ. ಸಂಜೆ ಹೊತ್ತಿಗೆ ಹಿಮ್ಮಡಿ ನೋಯುತ್ತಿದ್ದರೆ, ಬೆರಳಿನ ಬುಡ ಉರಿಯುತ್ತಿದ್ದರೆ ಮೊದಲು ಅಂಗಾಲಿನ ಆಕಾರ ನೋಡಿಕೊಳ್ಳಿ. ಕಮಾನು ಬಹಳ ಎತ್ತರವಿದ್ದರೆ ಪಾದದ ನಡುಭಾಗ ನೆಲ ಮುಟ್ಟುವುದೇ ಕಡಿಮೆ. ಮೈಭಾರವೆಲ್ಲ ಹಿಮ್ಮಡಿಗೂ ಬೆರಳಬುಡದ ಉಬ್ಬಿಗೂ ಬೀಳುತ್ತದೆ. ಇಂಥ ಪಾದ ಬಿಗಿಯಾಗಿಯೂ ಇರುತ್ತದೆ. ಹೆಜ್ಜೆ ಊರಿದಾಗ ಒಳಕ್ಕೆ ತುಸು ಬಾಗಿ ಪೆಟ್ಟು ಹೀರಿಕೊಳ್ಳುವ ಬದಲು ಹೊರಕ್ಕೆ ವಾಲುತ್ತದೆ.

ಹಾಗಾಗಿ ಭಾರ ಇಡೀ ಅಂಗಾಲಿಗೆ ಹಂಚಿಹೋಗಬೇಕು, ಪೆಟ್ಟು ಮೆತ್ತಗಾಗಬೇಕು. ಇವೆರಡೂ ಆಗದ ಯಾವ ಇನ್ಸೋಲೂ (ಶೂನೊಳಗೆ ಹಾಸುವ ಮೆತ್ತೆ) ಕೆಲಸಕ್ಕೆ ಬರುವುದಿಲ್ಲ. ಅಂಗಡಿಯಲ್ಲಿ ‘ಆರ್ಚ್ ಸಪೋರ್ಟ್’ ಎಂದು ಕೊಡುವ ಗಟ್ಟಿ ಇನ್ಸೋಲುಗಳಲ್ಲಿ ಹಲವು ಚಪ್ಪಟೆ ಪಾದದವರಿಗಾಗಿ ಮಾಡಿದವು. ಒಳ ಅಂಚನ್ನು ಎತ್ತಿ ಪಾದವನ್ನು ಹೊರಕ್ಕೆ ತಳ್ಳುವುದೇ ಅವುಗಳ ಕೆಲಸ. ಮೊದಲೇ ಹೊರಕ್ಕೆ ವಾಲುವ ಪಾದಕ್ಕೆ ಅದನ್ನು ಹಾಕಿದರೆ ಕಾಲು ಉಳುಕುವುದು ಹೆಚ್ಚಾಗುತ್ತದೆ.

ಗುರುತಿಸುವುದು

ಕಾಲು ಒದ್ದೆ ಮಾಡಿ ಒಣ ಕಡಪಾ ಕಲ್ಲಿನ ಮೇಲೆ ಅಥವಾ ಹಳೇ ಪೇಪರಿನ ಮೇಲೆ ಪೂರ್ತಿ ಭಾರ ಹಾಕಿ ನಿಂತು, ಪಕ್ಕಕ್ಕೆ ಬನ್ನಿ. ಹಿಮ್ಮಡಿಗೂ ಮುಂಗಾಲಿಗೂ ನಡುವೆ ಬೆರಳಗಲದ ಗೆರೆಯಷ್ಟೇ ಇದ್ದರೆ, ಅಥವಾ ಗುರುತು ಎರಡು ತುಂಡಾಗಿದ್ದರೆ ಕಮಾನು ಎತ್ತರವಿದೆ. ಹಳೇ ಚಪ್ಪಲಿ ತಿರುಗಿಸಿ ನೋಡಿ. ಹಿಮ್ಮಡಿಯ ಹೊರಮೂಲೆ ಎಲ್ಲರದ್ದೂ ಸವೆಯುತ್ತದೆ. ಆ ಸವೆತ ಹೊರ ಅಂಚಿನುದ್ದಕ್ಕೂ ಕಿರುಬೆರಳಿನವರೆಗೆ ಹೋಗಿದ್ದರೆ ಪಾದ ಹೊರಕ್ಕೆ ವಾಲುತ್ತಿದೆ ಎಂದರ್ಥ. ಹೆಬ್ಬೆರಳು, ಕಿರುಬೆರಳುಗಳ ಬುಡದಲ್ಲಿ ಚರ್ಮ ಗಟ್ಟಿಕಟ್ಟಿರುವುದು, ಬೆರಳುಗಳು ಕೊಕ್ಕೆಯಂತೆ ಮಡಚಿಕೊಂಡಿರುವುದು ಕೂಡ ಇದರ ಗುರುತುಗಳೇ.

ಇನ್ನೊಂದು ಪರೀಕ್ಷೆಗೆ ಸುಮಾರು 2.5 ಸೆಂ.ಮೀ. ದಪ್ಪದ ಹಲಗೆ ಬೇಕು. ಹಿಮ್ಮಡಿ ಮತ್ತು ಪಾದದ ಹೊರ ಅಂಚು ಹಲಗೆಯ ಮೇಲಿರಲಿ, ಹೆಬ್ಬೆರಳಿನ ಕಡೆಯ ಉಬ್ಬು ಕೆಳಕ್ಕೆ ಇಳಿಬೀಳಲಿ. ಮನೆಯವರೊಬ್ಬರು ಹಿಂದಿನಿಂದ ಮೊಬೈಲಿನಲ್ಲಿ ಫೋಟೊ ತೆಗೆಯಲಿ. ಓರೆಯಾಗಿದ್ದ ಹಿಮ್ಮಡಿ ಈಗ ನೇರವಾದರೆ, ಹೆಬ್ಬೆರಳಿನ ಉಬ್ಬು ಕೆಳಕ್ಕೆ ಚಾಚಿರುವುದೇ ವಾಲಿಕೆಗೆ ಕಾರಣ. ಅದನ್ನು ಇನ್ಸೋಲಿನಲ್ಲೇ ಸಾಕಷ್ಟು ಸರಿದೂಗಿಸಬಹುದು. ನೇರವಾಗದಿದ್ದರೆ ಹಿಮ್ಮಡಿಯ ಕೀಲೇ ಬಿಗಿದಿದೆ. ಆಗ ಮೆತ್ತೆ ಕೊಟ್ಟು ನೋವು ತಗ್ಗಿಸಬಹುದೇ ಹೊರತು ವಾಲಿಕೆ ಹೋಗುವುದಿಲ್ಲ.

ಒಂದೇ ಕಾಲಿನ ಕಮಾನು ಎತ್ತರವಾಗಿದ್ದರೆ, ಇತ್ತೀಚೆಗೆ ಏರುತ್ತಿದ್ದರೆ, ಜೋಮು, ಪದೇ ಪದೇ ಎಡವುವುದು, ಮೀನಖಂಡ ಸಣ್ಣಗಾಗುವುದು ಇದ್ದರೆ, ಅಥವಾ ಮನೆತನದಲ್ಲಿ ಹಲವರಿಗೆ ಹೀಗಿದ್ದರೆ ಇನ್ಸೋಲ್ ಕೊಳ್ಳುವ ಮೊದಲು ಮೂಳೆ ಅಥವಾ ನರರೋಗದ ವೈದ್ಯರನ್ನು ಕಾಣಲೇಬೇಕು. ನರಗಳ ಅಥವಾ ಬೆನ್ನುಹುರಿಯ ತೊಂದರೆ ಹೀಗೆ ಪಾದದಲ್ಲಿ ಕಾಣಿಸಿಕೊಳ್ಳಬಹುದು. 1886ರಲ್ಲಿ ಮೊದಲು ವಿವರಿಸಲಾದ ಷಾರ್ಕೋ-ಮರೀ-ಟೂತ್ ಎಂಬ ಅನುವಂಶಿಕ ನರರೋಗ ಇವುಗಳಲ್ಲಿ ಮುಖ್ಯವಾದದ್ದು. ಎಕ್ಸ್‌ರೇಯನ್ನು ನಿಂತ ಭಂಗಿಯಲ್ಲೇ ತೆಗೆಸಬೇಕು. ಮಲಗಿ ತೆಗೆಸಿದರೆ ಭಾರ ಬಿದ್ದಾಗಿನ ಆಕಾರ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆ ಇದ್ದು ಪಾದದ ಸ್ಪರ್ಶ ಕಡಿಮೆಯಾದವರು ಮುಂದೆ ಹೇಳಿರುವ ಪ್ಯಾಡಿನ ಕೆಲಸವನ್ನು ಸ್ವತಃ ಮಾಡಿಕೊಳ್ಳಬಾರದು.

ಶೂ

ಸಂಜೆ ಹೋಗಿ, ಪಾದ ಆಗ ಸ್ವಲ್ಪ ಊದಿಕೊಂಡಿರುತ್ತದೆ. ಹಾಕುವ ಸಾಕ್ಸನ್ನೇ ಹಾಕಿಕೊಂಡು, ಎರಡೂ ಕಾಲಿಗೆ ತೊಟ್ಟು, ನಿಂತು ನೋಡಿ. ಉದ್ದದ ಬೆರಳಿನ ಮುಂದೆ ಸುಮಾರು 1 ಸೆಂ.ಮೀ. ಜಾಗವಿರಲಿ. ಪಾದದ ಮೇಲ್ಭಾಗ ಉಬ್ಬಿರುವುದರಿಂದ ಲೇಸಿಲ್ಲದ ಶೂ ಅಲ್ಲೇ ಒತ್ತಿ ಗಾಯ ಮಾಡುತ್ತದೆ, ಆದ್ದರಿಂದ ಲೇಸಿನ ಶೂ ಒಳ್ಳೆಯದು. ಒಳಮಗ್ಗುಲಿನ ಫೋಮ್ ಬೇರೆ ಬಣ್ಣದ್ದಾಗಿದ್ದು ಒತ್ತಿದರೆ ಗಟ್ಟಿಯಾಗಿದ್ದರೆ ಆ ಶೂ ಬಿಡಿ. ಅದು ಪಾದ ಒಳಕ್ಕೆ ಬೀಳುವವರಿಗಾಗಿ ಮಾಡಿದ್ದು. ಪಾದವನ್ನು ಯಾವ ಕಡೆಗೂ ತಳ್ಳದ ಮೆತ್ತನೆ ‘ನ್ಯೂಟ್ರಲ್’ ಶೂ, ಅಗಲವಾದ ತಳ, ಮುಂಗಾಲಿಗಿಂತ ಹಿಮ್ಮಡಿ 8–10 ಮಿ.ಮೀ. ಎತ್ತರ: ಇಷ್ಟಿದ್ದರೆ ಬಿಗಿದ ಮೀನಖಂಡದವರಿಗೆ ಅನುಕೂಲ. ಲೇಸು ಕಟ್ಟುವಾಗ ಉಬ್ಬಿನ ಮೇಲೆ ಅಡ್ಡ ಹಾಯಿಸದೆ, ಆ ರಂಧ್ರಗಳಲ್ಲಿ ಪಕ್ಕಕ್ಕೇ ನೇರ ಮೇಲಕ್ಕೆ ಎಳೆದು, ಆಮೇಲೆ ಅಡ್ಡ ಹಾಕಿ.

ಹವಾಯಿ ಚಪ್ಪಲಿ ದೂರದ ನಡಿಗೆಗೆ ಬೇಡ. ಜಾರದಂತೆ ಹಿಡಿಯಲು ಬೆರಳುಗಳು ಮಡಚಿಕೊಳ್ಳುತ್ತವೆ, ಮೊದಲೇ ಮಡಚಿರುವವು ಇನ್ನೂ ಬಿಗಿಯುತ್ತವೆ. ಹಿಮ್ಮಡಿಗೆ ಪಟ್ಟಿಯಿರುವ ಸ್ಯಾಂಡಲ್ ಕೊಳ್ಳಿ. ಮನೆಯೊಳಗೆ, ಅಡುಗೆಮನೆಯ ಗ್ರಾನೈಟಿನ ಮೇಲೂ ಒಂದು ಜೊತೆ ಎಂಸಿಆರ್ (ಸಣ್ಣ ರಂಧ್ರಗಳ ಮೆತ್ತನೆ ರಬ್ಬರಿನ) ಚಪ್ಪಲಿ ಬೇರೆಯಾಗಿ ಇಟ್ಟುಕೊಳ್ಳಿ. ದಿನದ ಹೆಚ್ಚು ಹೊತ್ತು ನಿಲ್ಲುವುದು ಅಲ್ಲಿಯೇ.

ಚಿತ್ರದುರ್ಗದ ಕೋಟೆ ಹತ್ತುವುದಕ್ಕಿಂತ ಇಳಿಯುವಾಗ ಎಚ್ಚರ ಹೆಚ್ಚು ಬೇಕು. ಸವೆದು ನುಣುಪಾದ ಇಳಿಜಾರು ಬಂಡೆಯ ಮೇಲೆ ಹೊರ ಅಂಚು ಊರಿದರೆ ಕಾಲು ತಿರುಚಿಕೊಳ್ಳುತ್ತದೆ. ಹಿಡಿತವಿರುವ, ಹಿಮ್ಮಡಿ ಭದ್ರವಾದ ಶೂ ಹಾಕಿ. ಸಣ್ಣ ಹೆಜ್ಜೆಯಿಟ್ಟು ಓರೆಯಾಗಿ ಇಳಿಯಿರಿ.

ಇನ್ಸೋಲ್ ಹೊಂದಿಸುವುದು

ಕಂಪನಿಯ ಇನ್ಸೋಲ್ ತೆಗೆದು ಅದರ ಜಾಗದಲ್ಲಿ, ಕಮಾನಿನ ಬಾಗಿಗೆ ತಾಗಿ ಕೂರುವ, ಒತ್ತಿದರೆ ಬಗ್ಗುವ ಇವಿಎ (ಹಗುರ ಫೋಮಿನ) ಇನ್ಸೋಲ್ ಹಾಕಿ. ಒಂದರ ಮೇಲೊಂದು ಹಾಕಿದರೆ ಹಿಮ್ಮಡಿ ಮೇಲೆದ್ದು ಶೂನಿಂದ ಜಾರುತ್ತದೆ. ಬೆರಳಬುಡ ನೋಯುವವರಿಗೆ 5–6 ಮಿ.ಮೀ. ದಪ್ಪದ ಹನಿಯಾಕಾರದ ಪ್ಯಾಡ್ ಬೇಕಾಗುತ್ತದೆ. ಅದನ್ನು ನೋವಿನ ಜಾಗದ ಅಡಿಯಲ್ಲೇ ಅಂಟಿಸುವುದು ಎಲ್ಲರೂ ಮಾಡುವ ತಪ್ಪು. ನೋಯುವ ಜಾಗಕ್ಕೆ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಚ್ಚಿ, ಇನ್ಸೋಲಿನ ಮೇಲೆ ಒಮ್ಮೆ ಊರಿ ನಿಲ್ಲಿ. ಬಿದ್ದ ಗುರುತಿನಿಂದ 5–10 ಮಿ.ಮೀ. ಹಿಂದಕ್ಕೆ, ಹಿಮ್ಮಡಿಯ ಕಡೆಗೆ, ಪ್ಯಾಡಿನ ಮುಂತುದಿ ಬರಬೇಕು. ಮೊದಲ ಎರಡು ದಿನ ಟೇಪಿನಲ್ಲಿ ಹಚ್ಚಿ ನೋಡಿ, ಸರಿಬಂದ ಮೇಲೆ ಸೊಲ್ಯೂಷನ್ ಹಾಕಿ.

ಹಲಗೆಯ ಪರೀಕ್ಷೆಯಲ್ಲಿ ಹಿಮ್ಮಡಿ ನೇರವಾದವರು ಹೆಬ್ಬೆರಳಿನ ಉಬ್ಬಿನಡಿ ಇನ್ಸೋಲನ್ನು ಕತ್ತರಿಸಿ ತಗ್ಗು ಮಾಡಿ, ಕಿರುಬೆರಳಿನ ಕಡೆಗೆ 3 ಮಿ.ಮೀ. ಶೀಟ್ ಅಂಟಿಸಬಹುದು. ಚಪ್ಪಲಿ ರಿಪೇರಿ ಮಾಡುವವರಿಗೆ ಅಳತೆ ಗುರುತು ಹಾಕಿಕೊಟ್ಟರೆ ಅಚ್ಚುಕಟ್ಟಾಗಿ ಮಾಡಿಕೊಡುತ್ತಾರೆ. ಹೊಸ ಇನ್ಸೋಲನ್ನು ಮೊದಲ ದಿನ ಒಂದು ಗಂಟೆ ಹಾಕಿ, ದಿನಕ್ಕೊಂದು ಗಂಟೆ ಹೆಚ್ಚಿಸಿ. ಕಮಾನಿನಲ್ಲಿ ಮೊದಲ ವಾರ ತುಸು ಬಿಗಿತ ಸಹಜ. ಮೊಣಕಾಲು ನೋವು, ಗುಳ್ಳೆ ಬಂದರೆ ಇನ್ಸೋಲಿನ ಎತ್ತರ ಹೆಚ್ಚಾಗಿದೆ.

ಗಟ್ಟಿ ಚರ್ಮವನ್ನಾಗಲಿ ಆಣಿಯನ್ನಾಗಲಿ ಬ್ಲೇಡಿನಲ್ಲಿ ಕೊಯ್ಯಬೇಡಿ. ಹತ್ತು ನಿಮಿಷ ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿ ಹಿಮ್ಮಡಿ ಉಜ್ಜುವ ಕಲ್ಲಿನಿಂದ ಮೆಲ್ಲಗೆ ಉಜ್ಜಿ. ಒತ್ತಡ ತಪ್ಪದೆ ಅದು ಮರಳಿ ಬರುವುದು ನಿಲ್ಲುವುದಿಲ್ಲ.

ದಿನವೂ ಗೋಡೆಗೆ ಕೈ ಕೊಟ್ಟು ಮೀನಖಂಡ ಎಳೆಯಿರಿ: ಮೊಣಕಾಲು ನೇರವಿಟ್ಟು 30 ಸೆಕೆಂಡು, ಬಗ್ಗಿಸಿ 30 ಸೆಕೆಂಡು, ಮೂರು ಸಲ. ಹೊರಮಗ್ಗುಲಿನ ಸ್ನಾಯು ಬಲವಾಗಲು ಹಳೇ ಸೈಕಲ್ ಟ್ಯೂಬು ಸಾಕು. ಅದನ್ನು ಮಂಚದ ಕಾಲಿಗೆ ಕಟ್ಟಿ, ಕುಣಿಕೆಯನ್ನು ಮುಂಗಾಲಿಗೆ ಸಿಕ್ಕಿಸಿ, ಪಾದವನ್ನು ಹೊರಕ್ಕೆ ಹದಿನೈದು ಸಲ ತಿರುಗಿಸಿ. ಇದನ್ನೂ ಮೂರು ಸುತ್ತು.

ಶೂನ ಮೆತ್ತನೆ ಫೋಮ್ ಸಾಮಾನ್ಯವಾಗಿ 500–800 ಕಿ.ಮೀ.ಗೆ ಕುಸಿಯುತ್ತದೆ. ಕುಂದವಾಡ ಕೆರೆಯ ಬಳಿ ದಿನಕ್ಕೆ 5 ಕಿ.ಮೀ. ನಡೆಯುವವರಿಗೆ ಅದು ಮೂರರಿಂದ ಐದು ತಿಂಗಳಾಯಿತು. ಮೇಲೆ ಹೊಸದರಂತೆ ಕಂಡರೂ ಹೊರ ಅಂಚಿನ ಫೋಮ್ ಸುಕ್ಕುಗಟ್ಟಿದ್ದರೆ ಬದಲಿಸಿ. ಏಪ್ರಿಲ್ ಬಿಸಿಲಿನಲ್ಲಿ ಒಣಹಾಕಬೇಡಿ, ಕಾರಿನೊಳಗೆ ಬಿಡಬೇಡಿ: ಶಾಖಕ್ಕೆ ಇವಿಎ ಕುಗ್ಗುತ್ತದೆ, ಅಂಟು ಬಿಡುತ್ತದೆ, ಅಳೆದು ಅಂಟಿಸಿದ ಪ್ಯಾಡು ಜಾಗ ಬಿಟ್ಟು ಸರಿಯುತ್ತದೆ.