ಟ್ರ್ಯಾಕ್ಟರ್ ಆಗರ್‌ನಲ್ಲಿ ಗುಂಡಿ ತೆಗೆಸುವ ಮುನ್ನ

ಬೇಲಿ ಕಲ್ಲಿಗೋ ತೆಂಗಿನ ಸಸಿಗೋ ಗುಂಡಿ ತೆಗೆಯುವ ಆಗರ್ ತರಿಸುತ್ತಿದ್ದರೆ, ಮೊದಲು ಪಿಟಿಒ ಶಾಫ್ಟ್‌ಗೆ (ಟ್ರ್ಯಾಕ್ಟರ್ ಎಂಜಿನ್ನಿನ ಶಕ್ತಿಯನ್ನು ಆಗರ್‌ಗೆ ಒಯ್ಯುವ ತಿರುಗುವ ದಂಡ) ಪ್ಲಾಸ್ಟಿಕ್ ಕವರ್ ಇದೆಯೇ ನೋಡಿ. ಇಲ್ಲದಿದ್ದರೆ ಕೆಲಸ ಶುರು ಮಾಡಿಸಲೇಬೇಡಿ. ಅದು ತಿರುಗುವ ವೇಗ 540 ಆರ್‌ಪಿಎಂ, ಅಂದರೆ ನಿಮಿಷಕ್ಕೆ 540, ಸೆಕೆಂಡಿಗೆ 9 ಸುತ್ತು. ಲುಂಗಿಯ ಅಂಚು, ಹೆಗಲ ಟವೆಲ್ ಸಿಕ್ಕಿಕೊಂಡರೆ ಬಿಡಿಸಿಕೊಳ್ಳಲು ಸಮಯವೇ ಇರುವುದಿಲ್ಲ.

ಗಟ್ಟಿ ನೆಲದಲ್ಲಿ ಆಗರ್ ಇಳಿಯದಿದ್ದರೆ ಭಾರಕ್ಕೆಂದು ಆಗರ್‌ನ ಗೇರ್‌ಬಾಕ್ಸ್ ಮೇಲೆ ಆಳು ಹತ್ತಿಸುತ್ತಾರೆ. ದಯವಿಟ್ಟು ಬೇಡ. ಬ್ಲೇಡ್ ಸವೆದಿದ್ದರೆ ಬದಲಿಸಿ, ಗುರುತು ಹಾಕಿದ ಜಾಗಕ್ಕೆ ಹಿಂದಿನ ದಿನವೇ ನೀರು ಬಿಡಿ. ಎಂಜಿನ್ ನಿಧಾನಕ್ಕಿಟ್ಟು ಅರ್ಧ ಅಡಿ ಕೊರೆದು, ಮೇಲೆತ್ತಿ, ಮಣ್ಣು ಉದುರಿಸಿ ಮತ್ತೆ ಇಳಿಸಿ. ಒಂದೇ ಏಟಿಗೆ ಎರಡಡಿ ಇಳಿಸಿದರೆ ಆಗರ್ ತಿರುಪಿನಂತೆ ಕಚ್ಚಿಕೊಳ್ಳುತ್ತದೆ.

ಕಚ್ಚಿಕೊಂಡಾಗ ಹೈಡ್ರಾಲಿಕ್‌ನಲ್ಲಿ ಜಗ್ಗಿದರೆ ಮುಂದಿನ ಚಕ್ರ ಎದ್ದೀತು. ಪಿಟಿಒ ಬಿಡಿಸಿ, ಎಂಜಿನ್ ನಿಲ್ಲಿಸಿ, ಕೀ ತೆಗೆದು, ದೊಡ್ಡ ಪೈಪ್ ರೆಂಚ್ ಹಾಕಿ ಕೈಯಿಂದ ಉಲ್ಟಾ ತಿರುಗಿಸಿ.

ಶಿಯರ್ ಬೋಲ್ಟ್ (ಹೊರೆ ಹೆಚ್ಚಾದಾಗ ತಾನೇ ಮುರಿದು ಯಂತ್ರ ಉಳಿಸುವ ಬೋಲ್ಟ್) ತುಂಡಾದರೆ ಅದೇ ಅಳತೆ, ಅದೇ ಗ್ರೇಡಿನದ್ದೇ ಹಾಕಿ. ಅದಕ್ಕಿಂತ ಗಟ್ಟಿಯಾದ ಹೈಟೆನ್ಸಿಲ್ ಬೋಲ್ಟ್ ಹಾಕಿದರೆ ಮುಂದಿನ ಸಲ ಮುರಿಯುವುದು ಬೋಲ್ಟ್ ಅಲ್ಲ, ಗೇರ್‌ಬಾಕ್ಸ್. ಉದ್ದದ ಬೋಲ್ಟೂ ಬೇಡ, ಹೊರಚಾಚಿದ ತುದಿಗೆ ಬಟ್ಟೆ ಸಿಕ್ಕುತ್ತದೆ.

ಅಂದೇ ಕಲ್ಲು ನಿಲ್ಲಿಸದ ಗುಂಡಿಗೆ ಹಲಗೆ ಮುಚ್ಚಿ, ಮೇಯಲು ಬಂದ ದನಕರು ಕಾಲು ಮುರಿದುಕೊಳ್ಳುತ್ತವೆ.