ಸರ್ವಿಸ್ ಚಾರ್ಜ್ ಕಟ್ಟಿದ ಮೇಲೂ ಟಿಪ್ಸ್ ಕೊಡಬೇಕೇ?

ಕ್ಯಾಲಿಫೋರ್ನಿಯಾಕ್ಕೆ ಹೊಸದಾಗಿ ಬಂದವರು ಸೋಷಿಯಲ್ ಸೆಕ್ಯೂರಿಟಿ ಸಂಖ್ಯೆ, ಬ್ಯಾಂಕ್ ಖಾತೆ, ಬಾಡಿಗೆ ಕರಾರು, ಡ್ರೈವಿಂಗ್ ಲೈಸೆನ್ಸ್ ಎಲ್ಲವನ್ನೂ ಒಂದೆರಡು ತಿಂಗಳಲ್ಲಿ ಮುಗಿಸಿಕೊಳ್ಳುತ್ತಾರೆ. ವರ್ಷಗಟ್ಟಲೆ ಗೊಂದಲ ಉಳಿಯುವುದು ಹೋಟೆಲಿನ ಬಿಲ್ಲಿನಲ್ಲಿ. ಊಟದ ಬೆಲೆ, ಅದರ ಕೆಳಗೆ ಸರ್ವಿಸ್ ಚಾರ್ಜ್, ಅದರ ಕೆಳಗೆ ತೆರಿಗೆ, ಇಷ್ಟಾದ ಮೇಲೂ ಟಿಪ್ಸ್ ಬರೆಯಲು ಒಂದು ಖಾಲಿ ಗೆರೆ.

ಮೊದಲು ನನ್ನ ಉತ್ತರ ಹೇಳಿಬಿಡುತ್ತೇನೆ. ಬಿಲ್ಲಿನಲ್ಲಿ ಶೇ 18 ಅಥವಾ 20ರಷ್ಟು ಸರ್ವಿಸ್ ಚಾರ್ಜ್ ಸೇರಿದ್ದರೆ ಮತ್ತೆ ಟಿಪ್ಸ್ ಕೊಡಬೇಕಾಗಿಲ್ಲ. ಖಾಲಿ ಗೆರೆಯಲ್ಲಿ ಸೊನ್ನೆ ಬರೆದು ಸಹಿ ಹಾಕಿ, ಸಂಕೋಚ ಬೇಡ. ಆದರೆ ಅಲ್ಲಿರುವುದು ಶೇ 4 ಅಥವಾ 5ರ ಸಣ್ಣ ಶುಲ್ಕವಾಗಿದ್ದರೆ ಲೆಕ್ಕವೇ ಬೇರೆ. ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಮಾಲೀಕರು ಅವರ ಆರೋಗ್ಯಕ್ಕೆಂದು ಹಣ ತೆಗೆದಿಡಬೇಕೆಂಬ ನಿಯಮ 2008ರಿಂದ ಜಾರಿಯಲ್ಲಿದೆ. ಅನೇಕ ಹೋಟೆಲುಗಳು ಆ ಹೊರೆಯನ್ನು ಗಿರಾಕಿಯ ಬಿಲ್ಲಿಗೆ ದಾಟಿಸುತ್ತವೆ. ಬಡಿಸಿದವರ ಟಿಪ್ಸ್‌ಗೂ ಅದಕ್ಕೂ ಸಂಬಂಧವಿಲ್ಲ. ಅಂಥ ಕಡೆ ವಾಡಿಕೆಯ ಶೇ 15ರಿಂದ 20 ಕೊಡಲೇಬೇಕು.

ಎರಡೂ ಹಣ ಒಂದೇ ಕೈಗೆ ಹೋಗುತ್ತದೆ ಎಂದು ನಮ್ಮವರು ಭಾವಿಸುತ್ತಾರೆ. ಕ್ಯಾಲಿಫೋರ್ನಿಯಾದ ಕಾರ್ಮಿಕ ಸಂಹಿತೆಯ 351ನೇ ಸೆಕ್ಷನ್ ಪ್ರಕಾರ ನೀವು ಇಷ್ಟಪಟ್ಟು ಕೊಟ್ಟ ಟಿಪ್ಸ್ ನೌಕರರ ಸ್ವತ್ತು. ಮಾಲೀಕ ಅದರಲ್ಲಿ ಒಂದು ಸೆಂಟನ್ನೂ ಮುಟ್ಟುವಂತಿಲ್ಲ. ಕಾರ್ಡಿನಲ್ಲಿ ಕೊಟ್ಟರೆ ಕಾರ್ಡ್ ಶುಲ್ಕವನ್ನೂ ಮುರಿದುಕೊಳ್ಳುವಂತಿಲ್ಲ. ಕಡ್ಡಾಯ ಸರ್ವಿಸ್ ಚಾರ್ಜ್ ಟಿಪ್ಸ್ ಅಲ್ಲವೆಂದು ಅಮೆರಿಕದ ತೆರಿಗೆ ಇಲಾಖೆ 2012ರಲ್ಲೇ ಸ್ಪಷ್ಟಪಡಿಸಿದೆ. ಅದು ಮೊದಲು ಗಲ್ಲಾಪೆಟ್ಟಿಗೆಗೆ ಬೀಳುತ್ತದೆ. ಅಲ್ಲಿಂದ ಮುಂದೆ ಅಡುಗೆಯವರಿಗೂ ಪಾತ್ರೆ ತೊಳೆಯುವವರಿಗೂ ಸಂಬಳವಾಗಿ ಹಂಚುವ ಮಾಲೀಕರಿದ್ದಾರೆ, ಅವರ ಬಗ್ಗೆ ನನಗೆ ಗೌರವವಿದೆ. ಹಂಚದವರೂ ಇದ್ದಾರೆ. ಹಾಗಾಗಿ ಬಡಿಸಿದವರನ್ನೇ ಮೆಲ್ಲನೆ ಕೇಳಿ: ಈ ಹಣ ನಿಮಗೆ ಸೇರುತ್ತದೆಯೇ? ಇಲ್ಲ ಎಂದರೆ ನಾನು ಕೈಲಾದಷ್ಟು ನಗದನ್ನು ಅವರ ಕೈಗೇ ಕೊಡುತ್ತೇನೆ. ಅಸಮಾಧಾನವಿದ್ದರೆ ಹೊರಡುವಾಗ ವ್ಯವಸ್ಥಾಪಕರ ಹತ್ತಿರ ಹೇಳುತ್ತೇನೆ.

ಕಾರ್ಡ್ ಉಜ್ಜಿದ ಮೇಲೆ ನಿಮ್ಮತ್ತ ತಿರುಗುವ ಪರದೆಯನ್ನು ಎಚ್ಚರದಿಂದ ಓದಿ. 100 ಡಾಲರಿನ ಊಟಕ್ಕೆ ಶೇ 20 ಸರ್ವಿಸ್ ಚಾರ್ಜ್ ಸೇರಿದರೆ 120. ಕಡ್ಡಾಯ ಶುಲ್ಕಕ್ಕೂ ಇಲ್ಲಿ ಮಾರಾಟ ತೆರಿಗೆ ಉಂಟು. ಶೇ 10 ಎಂದಿಟ್ಟುಕೊಂಡರೆ 132 ಆಯಿತು. ಈಗ ಪರದೆ ಆ 132ರ ಮೇಲೆ ಶೇ 20 ಟಿಪ್ಸ್ ಸೂಚಿಸಿದರೆ, ಯೋಚಿಸದೆ ಒತ್ತಿದವರು 158 ಡಾಲರ್ 40 ಸೆಂಟ್ ಕೊಟ್ಟು ಎದ್ದಿರುತ್ತಾರೆ. ಟಿಪ್ಸ್ ಲೆಕ್ಕ ಹಾಕಬೇಕಾದದ್ದು ತೆರಿಗೆಗೆ ಮುಂಚಿನ ಊಟದ ಬೆಲೆಯ ಮೇಲೆ. ರಾಜ್ಯೋತ್ಸವದ ಕಾರ್ಯಕ್ರಮ ಮುಗಿಸಿ ನಾಲ್ಕಾರು ಮನೆಯವರು ಒಟ್ಟಿಗೆ ಊಟಕ್ಕೆ ಹೋದಾಗಂತೂ ಇನ್ನೂ ಎಚ್ಚರ ಬೇಕು. ಆರೆಂಟು ಜನರಿಗಿಂತ ಹೆಚ್ಚಾದರೆ ಬಹಳ ಕಡೆ ಟಿಪ್ಸನ್ನು ತಾವೇ ಸೇರಿಸುತ್ತಾರೆ. ಬಿಲ್ಲನ್ನು ಮನೆಮನೆಗೆ ಹಂಚಿಕೊಳ್ಳುವ ಗಡಿಬಿಡಿಯಲ್ಲಿ ಒಬ್ಬರು ಎರಡು ಸಲ ಕೊಡುತ್ತಾರೆ, ಇನ್ನೊಬ್ಬರು ಒಮ್ಮೆಯೂ ಕೊಡುವುದಿಲ್ಲ. ಕೌಂಟರಿನಲ್ಲಿ ಪಾರ್ಸೆಲ್ ತೆಗೆದುಕೊಳ್ಳುವಾಗ ಟಿಪ್ಸ್ ನಿಮ್ಮ ಇಷ್ಟ.

ಬೆಂಗಳೂರಿನಿಂದ ಈಚೆಗೆ ಬಂದವರು ಸರ್ವಿಸ್ ಚಾರ್ಜ್ ತೆಗೆಸುವ ವಾದಕ್ಕೆ ಇಳಿಯುವುದನ್ನು ಕಂಡಿದ್ದೇನೆ. ಭಾರತದಲ್ಲಿ ಆ ಹಕ್ಕು ನಿಜವಾಗಿಯೂ ಇದೆ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲವೆಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿತು, ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಇಲ್ಲಿ ಆ ವಾದ ನಡೆಯದು. ಬಚ್ಚಿಟ್ಟ ಶುಲ್ಕಗಳನ್ನು ತಡೆಯುವ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 2024ರ ಜುಲೈ 1ರಿಂದ ಬಂದಿದೆ, ಆದರೆ ಅದಕ್ಕೆ ಕೆಲವೇ ದಿನ ಮುಂಚೆ ಹೋಟೆಲುಗಳಿಗೆ ವಿನಾಯಿತಿ ಸಿಕ್ಕಿತು. ಮೆನುವಿನಲ್ಲಿ ಶುಲ್ಕವನ್ನೂ ಅದರ ಉದ್ದೇಶವನ್ನೂ ಎದ್ದು ಕಾಣುವಂತೆ ಮುದ್ರಿಸಿದ್ದರೆ ಸಾಕು. ಹಾಗಾಗಿ ಕೂತ ಕೂಡಲೇ ಮೆನುವಿನ ಕೊನೆಯ ಸಾಲು ಓದಿ. ಒಪ್ಪಿಗೆಯಿಲ್ಲದಿದ್ದರೆ ನೀರು ಕುಡಿಯುವ ಮೊದಲೇ ಎದ್ದು ಬನ್ನಿ.

ನನ್ನ ಮಗಳು ಒಂದು ಬೇಸಿಗೆ ರಜೆಯಲ್ಲಿ ಪಿಜ್ಜಾ ಹೋಟೆಲೊಂದರಲ್ಲಿ ಬಡಿಸುವ ಕೆಲಸ ಮಾಡಿದಳು. ಅಲ್ಲಿ ಶೇ 5ರ ಶುಲ್ಕವಿತ್ತು. ಒಂದು ಸಂಜೆ ನಮ್ಮವರೇ ಒಂದು ಸಂಸಾರ ಬಂದು, ಮಕ್ಕಳಿಗೆ ಮೂರು ಸಲ ತಟ್ಟೆ ಬದಲಾಯಿಸಿಕೊಂಡು, ಕೊನೆಗೆ ಬಿಲ್ಲು ನೋಡಿ ಕನ್ನಡದಲ್ಲೇ ಮಾತಾಡಿಕೊಂಡಿತು: "ಅವರೇ ಹಾಕಿಕೊಂಡಿದ್ದಾರಲ್ಲ, ಇನ್ನೇನೂ ಕೊಡಬೇಡಿ." ಪಕ್ಕದಲ್ಲೇ ನಿಂತಿದ್ದ ಇವಳಿಗೆ ಪ್ರತಿ ಮಾತೂ ತಿಳಿಯಿತು. "ಅಮ್ಮಾ, ಆ ಐದು ಪರ್ಸೆಂಟ್ ನನಗೆ ಬರುವುದಿಲ್ಲ ಆಂಟಿ ಎಂದು ಕನ್ನಡದಲ್ಲಿ ಹೇಳಲೋ ಬೇಡವೋ ಎಂದು ಯೋಚಿಸುತ್ತ ನಿಂತೆ" ಎಂದಳು ಮನೆಗೆ ಬಂದು. ಅವಳು ಹೇಳಲಿಲ್ಲ. ನನಗೆ ಆ ಸಂಸಾರದ ಮೇಲೆ ಸಿಟ್ಟು ಬರಲಿಲ್ಲ, ಹೊಟ್ಟೆಯಲ್ಲಿ ಸಂಕಟವಾಯಿತು. ಕೈಗೂಸಿನಿಂದ ಹಟ ಹಿಡಿದು ಕಲಿಸಿದ ಕನ್ನಡ ಅವಳಿಗೆ ಅಪರಿಚಿತರ ಬಾಯಲ್ಲಿ ಕೇಳಿಸಿದ್ದು ಈ ಮಾತಿಗೆ.

ನಮ್ಮೂರಿನಲ್ಲಿ ಈ ಲೆಕ್ಕಾಚಾರ ಇರಲಿಲ್ಲ. ದರ್ಶಿನಿಯಲ್ಲಿ ಟೋಕನ್ ಕೊಟ್ಟು, ನಿಂತು ತಿಂದು, ಕೈ ತೊಳೆದು ಹೊರಟರೆ ಆಯಿತು. ಕೂತು ತಿನ್ನುವ ಹೋಟೆಲಿನಲ್ಲಿ ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಚಿಲ್ಲರೆ ಬಿಡುತ್ತಿದ್ದೆವು. ಸಪ್ಲೈಯರ್ ನಮ್ಮ ಮುಖ ನೋಡಿದ ಕೂಡಲೇ ಕೇಳದೆಯೇ ಎರಡನೇ ಸಲ ಸಾಂಬಾರ್ ತರುತ್ತಿದ್ದ. ಆ ಗುರುತು ಇಲ್ಲಿ ಸಿಗುವುದಿಲ್ಲ, ಅದು ನನ್ನನ್ನು ಇಂದಿಗೂ ಕಾಡುತ್ತದೆ. ಆದರೂ ಹೋಟೆಲಿನ ದುಡಿಮೆ ನಮಗೆ ಅಪರಿಚಿತವಲ್ಲ. ಕರಾವಳಿಯಿಂದ ಮುಂಬಯಿಗೆ ಹೋಗಿ, ಹಗಲು ಉಡುಪಿ ಹೋಟೆಲಿನಲ್ಲಿ ತಟ್ಟೆ ತೊಳೆದು ಕನ್ನಡ ರಾತ್ರಿಶಾಲೆಯಲ್ಲಿ ಓದಿದವರ ಮೊಮ್ಮಕ್ಕಳು ನಮ್ಮ ನಡುವೆಯೇ ಇದ್ದಾರೆ.

ಕೆಲಸ ಬದಲಾಗಿ ಟೆಕ್ಸಾಸ್‌ಗೆ ಹೋಗುವವರು ಇನ್ನೊಂದನ್ನು ತಿಳಿದಿರಬೇಕು. ಕ್ಯಾಲಿಫೋರ್ನಿಯಾದಲ್ಲಿ ಬಡಿಸುವವರಿಗೂ ಪೂರ್ಣ ಕನಿಷ್ಠ ಕೂಲಿ ಉಂಟು. 2025ರಲ್ಲಿ ಅದು ಗಂಟೆಗೆ 16.50 ಡಾಲರ್. ಟೆಕ್ಸಾಸ್‌ನಲ್ಲಿ ಮಾಲೀಕ ಕೊಡಬೇಕಾದದ್ದು ಗಂಟೆಗೆ ಕೇವಲ 2.13 ಡಾಲರ್. ಕೇಂದ್ರ ಸರ್ಕಾರದ ಆ ದರ 1991ರಿಂದ ಕದಲಿಲ್ಲ. ಟಿಪ್ಸ್ ಸೇರಿಯೂ ಅಲ್ಲಿನ ಕನಿಷ್ಠ ಕೂಲಿಯಾದ 7.25 ಡಾಲರ್ ಮುಟ್ಟದಿದ್ದರೆ ಮಾತ್ರ ಕೊರತೆಯನ್ನು ಮಾಲೀಕ ತುಂಬಬೇಕು. ಅಲ್ಲಿ ಟಿಪ್ಸ್ ತಪ್ಪಿಸಿದರೆ ಒಬ್ಬರ ಮನೆ ಬಾಡಿಗೆಗೇ ಕೈ ಹಾಕಿದಂತೆ.

ಕನ್ನಡ ಕೂಟದ ಸಮಿತಿಯಲ್ಲಿರುವವರಿಗೂ ಒಂದು ಮಾತು. ಯುಗಾದಿ ಊಟಕ್ಕೆ ಅಡುಗೆಯವರನ್ನು ಗೊತ್ತು ಮಾಡುವಾಗ ಅವರ ಕರಾರಿನಲ್ಲೂ ಸರ್ವಿಸ್ ಚಾರ್ಜ್ ಇರುತ್ತದೆ. ಅದರಲ್ಲಿ ಬಡಿಸಲು ಬರುವವರಿಗೆ ಎಷ್ಟು ಸೇರುತ್ತದೆ ಎಂದು ಬರಹದಲ್ಲೇ ಕೇಳಿ. ಏನೂ ಇಲ್ಲವೆಂದಾದರೆ ಟಿಕೆಟ್ ದರ ನಿಗದಿ ಮಾಡುವಾಗಲೇ ಅವರಿಗೆಂದು ಹಣ ಎತ್ತಿಡಿ, ಪಾತ್ರೆ ತೊಳೆಯಲು ಹಿಂದೆ ಉಳಿದವರನ್ನೂ ಲೆಕ್ಕಕ್ಕೆ ಹಿಡಿದು.